ಇಪ್ಪತ್ತಮೂರನೆಯ ದಿನ ನಿಂತ ಓಟ

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಅದೂ ನಾಲ್ಕೇ ಹನಿ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೆ, ಅದೇ ಇರಬೇಕು ಎಂದುಕೊಂಡು ಶೂ ಹಾಕಿಕೊಂಡೆ.

ಸಾರಕ್ಕಿ ಕೆರೆಯ ಸುತ್ತ ಮೂವತ್ತು ದಿನ, ದಿನಕ್ಕೆ ಐದು ಕಿಲೋಮೀಟರ್. ನಮ್ಮ ಗುಂಪಿನ ಚಾಲೆಂಜ್ ಅದು. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು. ಮೊದಲ ವಾರವೇ ಮಂಡಿ ಹಿಡಿದುಕೊಂಡಿತು. ಬೆಳಿಗ್ಗೆ ಒಂದು, ಸಂಜೆ ಒಂದು ನೋವಿನ ಮಾತ್ರೆ ನುಂಗಿ ಓಡಿದೆ. ಆಮೇಲೆ ಎರಡೆರಡು.

ಇಪ್ಪತ್ತೊಂದನೆಯ ದಿನ ಭಾನುವಾರ. ಗುಂಪಿನವರೆಲ್ಲ ಮಲ್ಪೆಗೆ ಹೋಗಿದ್ದೆವು. ಅವತ್ತು ಓಟದ ಬದಲು ಸಮುದ್ರದಲ್ಲಿ ಈಜು. ಜಯನಗರದ ಈಜುಕೊಳದಲ್ಲಿ ಕಲಿತವಳಿಗೆ ಅಲೆ ಹೊಸದು. ಹೊಟ್ಟೆ ತುಂಬ ಉಪ್ಪುನೀರು ಕುಡಿದೆ. ವಾಪಸ್ ಬರುವ ದಾರಿಯುದ್ದಕ್ಕೂ ವಾಂತಿ, ಭೇದಿ.

"ನಾಳೆ ರೆಸ್ಟ್ ಮಾಡೇ, ಸತ್ತೋಗ್ತೀಯ" ಎಂದಳು ಗೆಳತಿ ಶೋಭಾ.

"ಮತ್ತೆ ಒಂದ್ರಿಂದ ನೀನ್ ಓಡ್ತೀಯಾ?" ಎಂದೆ.

ಸೋಮವಾರ ಬಸ್ಸಿಳಿದವಳೇ ಓಡಿದೆ. ಮಂಗಳವಾರ ಎರಡನೆಯ ಸುತ್ತಿಗೆ ಕಾಲೆತ್ತಲು ಆಗಲಿಲ್ಲ. ಸಾಕ್ಸ್ ತೆಗೆದರೆ ಅದರ ಗುರುತು ಊದಿದ ಕಾಲಿನಲ್ಲಿ ಗುಳಿಯಾಗಿ ಉಳಿಯಿತು. ಅಮ್ಮ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ರಕ್ತ ಪರೀಕ್ಷೆಯಲ್ಲಿ, ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನೈನ್ ಎಂಟು ದಾಟಿತ್ತು.

"ಎರಡೂ ಕಿಡ್ನಿ ಕೆಲ್ಸ ನಿಲ್ಸಿವೆ. ಏನ್ ಮಾತ್ರೆ ತಗೋತಿದ್ರಿ?" ಎಂದು ಡಾಕ್ಟರ್ ಕೇಳಿದರು. ಹೇಳಿದೆ.

"ಯಾರ್ ಬರ್ಕೊಟ್ಟಿದ್ದು?"

ಅಮ್ಮ ಬಾಯಿ ಹಾಕಿದಳು. "ಇವ್ಳೇ ಬರ್ಕೊಂಡ್ಳು ಸಾರ್. ಓದಿದಾಳಲ್ಲ!"

ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹಗಲು ಗಾರ್ಮೆಂಟ್ಸ್, ಸಂಜೆ ಕಾಲೇಜು. ಒಂದು ದಿನವೂ ತಪ್ಪಿಸದೆ ಬಿ.ಎ. ಮುಗಿಸಿದೆ. ಆ ಹೆಮ್ಮೆ ಈಗಲೂ ಇದೆ, ಇರಲಿ. ಜರಗನಹಳ್ಳಿಯ ನಮ್ಮ ಬೀದಿಯವರು ಮಾತ್ರೆ ಶೀಟು ಹಿಡಿದು ಬರುವುದು ನನ್ನ ಹತ್ತಿರವೇ. "ಅಕ್ಕಾ, ಇದು ಊಟಕ್ಕೆ ಮುಂಚೆನಾ, ಆಮೇಲಾ?" ಎಲ್ಲರದ್ದೂ ಓದಿ ಹೇಳಿದ್ದೇನೆ. ಡಾಕ್ಟರನ್ನು ಕೇಳದೆ ನುಂಗಬೇಡಿ ಎಂದು ಬೈದೂ ಇದ್ದೇನೆ. ನನ್ನ ಶೀಟಿನ ಹಿಂದೆಯೂ ಅದೇ ಮಾತು ಅಚ್ಚಾಗಿತ್ತು. ಅದನ್ನು ಬೇರೆಯವರಿಗೆ ಬರೆದದ್ದೆಂದು ಹೇಗೆ ನಂಬಿದೆನೋ, ಇವತ್ತಿಗೂ ತಿಳಿಯದು.

ಡಯಾಲಿಸಿಸ್.

ಕುತ್ತಿಗೆಯಲ್ಲಿ ಪೈಪು. ನಾಲ್ಕು ಗಂಟೆ ಅಲ್ಲಾಡುವ ಹಾಗಿಲ್ಲ. ಪಕ್ಕದ ಹಾಸಿಗೆಯ ಆಂಟಿಗೆ ಇದು ಆರನೆಯ ವರ್ಷವಂತೆ. "ನಿಂಗೆ ಕಿಡ್ನಿ ವಾಪಸ್ ಬರತ್ತೆ ಬಿಡಮ್ಮ, ಹೊಸದಲ್ವಾ" ಎಂದರು. ಡಾಕ್ಟರ್ ಅಷ್ಟು ಹೇಳಲಿಲ್ಲ. "ಯೂರಿನ್ ಬರ್ಬೇಕು. ಬಂದ್ರೆ ನೋಡೋಣ."

ಇಡೀ ದಿನದ ಮೂತ್ರವನ್ನು ಒಂದು ಬಿಳಿ ಕ್ಯಾನಿಗೆ ಸುರಿದು ಅಳೆಯಬೇಕಿತ್ತು. ಅಮ್ಮನಿಗೆ ಅಂಕಿ ಓದಲು ಬರುವುದಿಲ್ಲ. ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ನಿನ್ನೆಯ ಮಟ್ಟಕ್ಕೆ ಹೊರಗಿನಿಂದ ಅಂಟಿಸಿದಳು. ಒಂದು ವಾರ ಬೊಟ್ಟು ಅಲ್ಲೇ ತಳದಲ್ಲಿತ್ತು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಆಸ್ಪತ್ರೆಯ ಹನ್ನೊಂದನೆಯ ದಿನ ಅಮ್ಮ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. "ಬೊಟ್ಟು ದಾಟ್ತು ಕಣೇ!"

ಡಯಾಲಿಸಿಸ್ ಈಗ ನಿಂತಿದೆ. ಕ್ರಿಯಾಟಿನೈನ್ ಇನ್ನೂ ಎರಡರ ಮೇಲೆಯೇ ಇದೆ. ಪೂರ್ತಿ ಇಳಿಯುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಕ್ಯಾನು ಮನೆಗೂ ಬಂದಿದೆ. ಅಮ್ಮ ದಿನವೂ ಬೊಟ್ಟನ್ನು ಕಿತ್ತು ಚೂರು ಮೇಲಕ್ಕೆ ಅಂಟಿಸುತ್ತಾಳೆ. ಕೆಲವು ದಿನ ಕೆಳಕ್ಕೂ.