ದೊಡ್ಡವ್ವ ಮುರಿದ ರೊಟ್ಟಿ

ಗಿರಣಿಯಿಂದ ಆಗಷ್ಟೇ ಬಿದ್ದ ಜೋಳದ ಹಿಟ್ಟಿಗೆ ಒಂದು ಬಿಸಿ ವಾಸನೆ ಇರುತ್ತದೆ. ಗೋಕಾಕದ ಪೇಟೆಯಲ್ಲಿ ಅದು ಮೂಗಿಗೆ ಬಡಿದಾಗೆಲ್ಲ ನನಗೆ ದೊಡ್ಡವ್ವನ ಸೆರಗು ನೆನಪಾಗುತ್ತದೆ. ಅವಳು ನನ್ನ ಅವ್ವನ ಅಕ್ಕ, ಗಂಡನಿಲ್ಲದವಳು, ನಮ್ಮ ಚರ್ಚಿನ ಸಭೆಯ ಸೇವಕಿ. ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಚರ್ಚಿನ ಹಿಂದೆ ಅವಳಿಗೆ ಕೊಟ್ಟಿದ್ದ ಒಂದೇ ಕೋಣೆಯಲ್ಲಿ. ತುಕ್ಕಾನಟ್ಟಿ, ಮಮದಾಪುರದಂಥ ಹಳ್ಳಿಗಳ ನಮ್ಮ ಸಭೆಯವರ ಮನೆಗಳಲ್ಲಿ ಹೆಂಗಸರು ರೊಟ್ಟಿಗೆ ಹಿಟ್ಟು ನಾದುವ ಮೊದಲು ದೇವರಿಗೆಂದು ಒಂದು ಹಿಡಿ ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು. ಶನಿವಾರ ದೊಡ್ಡವ್ವ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಮನೆಮನೆಯ ಹಿಟ್ಟನ್ನು ಚೀಲಕ್ಕೆ ಸುರಿದುಕೊಂಡು, ಒಲೆಯ ಮುಂದೆಯೇ ಕೂತು ಬೈಬಲಿನ ವಚನ ಓದಿ, ಕೂಸಿಗೆ ಎಣ್ಣೆ ಹಚ್ಚಿ, ಮುನಿಸಿಕೊಂಡ ಅತ್ತೆ ಸೊಸೆಯರ ಕೈ ಕೂಡಿಸಿ ಪ್ರಾರ್ಥಿಸುತ್ತಿದ್ದಳು. ಆ ಹಿಟ್ಟು ಮರುದಿನ ಆಸ್ಪತ್ರೆಯಲ್ಲಿ ದಿಕ್ಕಿಲ್ಲದೆ ಮಲಗಿದವರಿಗೆ ರೊಟ್ಟಿಯಾಗುತ್ತಿತ್ತು. ಪಕ್ಕದ ಮನೆಯ ಹಿಂದೂ ಹೆಂಗಸೊಬ್ಬಳು ನಗುತ್ತ, “ಬಾಯಾರ, ನಮ್ಮ ಹಿಟ್ಟು ನಿಮಗ ನಡೀತೈತೇನ್ರಿ?” ಎಂದಾಗ ದೊಡ್ಡವ್ವ ಚೀಲದ ಬಾಯಿ ಅಗಲಿಸಿ, “ಹಾಕವಾ, ಹಸದವ್ರು ಹಿಟ್ಟಿನ ಜಾತಿ ಕೇಳೂದಿಲ್ಲ,” ಎಂದಿದ್ದಳು.

ಮಮದಾಪುರದ ಮುದುಕಿ ನೀಲವ್ವ ಅವಳಿಂದಲೇ ಅಕ್ಷರ ಕಲಿತವಳು. ಒಂದು ಶನಿವಾರ ನಾವು ಹೋದಾಗ ಆಕೆ ಸಾಯುವ ಸ್ಥಿತಿಯಲ್ಲಿದ್ದಳು; ಕಡೆಯದಾಗಿ ಕರ್ತನ ಭೋಜನ, ಯೇಸುವಿನ ಹೆಸರಲ್ಲಿ ಮುರಿದ ರೊಟ್ಟಿ ಮತ್ತು ದ್ರಾಕ್ಷಾರಸ, ಬೇಕೆಂದಳು. ಅದನ್ನು ಕೊಡುವ ಅಧಿಕಾರ ಇದ್ದದ್ದು ಚರ್ಚಿನ ಪಾದ್ರಿ, ನಮ್ಮ ಸಭಾಪಾಲಕರಿಗೆ ಮಾತ್ರ. ಅವರು ಹುಕ್ಕೇರಿಗೆ ಮದುವೆ ಮಾಡಿಸಲು ಹೋಗಿದ್ದರು, ಫೋನು ಹತ್ತಲಿಲ್ಲ. ಮಧ್ಯಾಹ್ನವೆಲ್ಲ ಕಾದೆವು. ನೀಲವ್ವನ ಉಸಿರು ಸಣ್ಣದಾಗುತ್ತ ಬಂತು. ಕೊನೆಗೆ ದೊಡ್ಡವ್ವ ಬುಟ್ಟಿಯಿಂದ ಬೆಳಗಿನ ಜೋಳದ ರೊಟ್ಟಿ ತೆಗೆದು, ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿ, ಒಂದು ಚೂರು ಮುರಿದಳು. ದ್ರಾಕ್ಷಾರಸದ ಬದಲು ಬೆಲ್ಲದ ನೀರಲ್ಲಿ ಅದ್ದಿ ಮುದುಕಿಯ ನಾಲಗೆಯ ಮೇಲೆ ಇಟ್ಟಳು. ಬಿಸಿಲು ಇಳಿಯುವಷ್ಟರಲ್ಲಿ ನೀಲವ್ವ ಹೋಗಿಬಿಟ್ಟಳು.

ಹೇಳದಿದ್ದರೆ ಆ ಮನೆಯಾಚೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೊಡ್ಡವ್ವ ತಾನೇ ಹೋಗಿ ಸಭಾಪಾಲಕರಿಗೆ ಹೇಳಿದಳು. ಅವರು ಕೆಟ್ಟವರಲ್ಲ, ನೇಮಕ್ಕೆ ಅಂಜುವವರು. “ನಾ ಹೇಳೂತನಕ ಹಳ್ಳಿಗೆ ಹೋಗಬ್ಯಾಡ್ರಿ. ಸಭಾದಾಗ ಹಿಂದ ಕುಂದರ್ರಿ,” ಎಂದರು. ಈ ಮಾತು ಅವರಿಬ್ಬರ ನಡುವೆಯೇ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ನಾನು ಕೇಳಿಸಿಕೊಂಡಿದ್ದೆ. ಕೆಲವು ದಿನಗಳ ಮೇಲೆ ನೀಲವ್ವನ ಸೊಸೆ ಬಂದು ಸಭಾಪಾಲಕರೆದುರು ನಿಂತು, “ನಮ್ಮತ್ತಿ ಹಸದು ಹೋಗಲಿಲ್ರಿ, ಅಯ್ಯಾರ,” ಎಂದಷ್ಟೇ ಹೇಳಿದಳು. ಅವರು ತಲೆ ತಗ್ಗಿಸಿದರು. ಮನಸ್ಸು ಕರಗಿತ್ತೇನೋ, ಆದರೆ ಏನಾದರೂ ಹೇಳುವ ಮೊದಲೇ ಅವರಿಗೆ ವರ್ಗವಾಯಿತು.

ಹೊಸದಾಗಿ ಬಂದವರು ಎಳೆಯರು, ಮೃದು ಮನಸ್ಸಿನವರು. ಅವರಿಗೆ ಇದೊಂದೂ ತಿಳಿಯದು. ದೊಡ್ಡವ್ವ ಮಾತ್ರ ವರ್ಗವಾಗಿ ಹೋದವರ ಅಪ್ಪಣೆಗೆ ಕಾಯುತ್ತಲೇ ಇದ್ದಳು. ಶನಿವಾರ ಬಿಳಿ ಸೀರೆಯುಟ್ಟು ಹೊಸ್ತಿಲಲ್ಲಿ ಕೂತು, ಬಸ್ಸಿನ ಸದ್ದು ದೂರವಾದ ಮೇಲೆ ಎದ್ದು ಒಳಗೆ ಹೋಗುತ್ತಿದ್ದಳು. ಇವರನ್ನು ಒಂದು ಮಾತು ಕೇಳಬಾರದೇ ಎಂದೆ. “ಕೇಳಿದರ ಹ್ವಾದವ್ರ ಮ್ಯಾಲ ದೂರು ಹೇಳಿದಂಗ ಆಗತೈತಿ. ನೀನೂ ಬಾಯಿ ಬಿಡಬ್ಯಾಡ,” ಎಂದಳು.

ಇಂಥವಳೊಬ್ಬಳು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅವಳ ಮಾತನ್ನು ನೀವೂ ಮೀರಿರಲಿಕ್ಕಿಲ್ಲ. ಒಂದು ದಿನ ಹೊಸ ಸಭಾಪಾಲಕರು ನನ್ನನ್ನು ಕರೆದು, ದೊಡ್ಡವ್ವ ಈಗೀಗ ಹಳ್ಳಿಗೆ ಯಾಕೆ ಹೋಗುವುದಿಲ್ಲ, ಸಭೆಯಲ್ಲಿ ಹಿಂದೆ ಬಾಗಿಲ ಹತ್ತಿರವೇ ಯಾಕೆ ಕೂರುತ್ತಾಳೆ ಎಂದು ಅಕ್ಕರೆಯಿಂದ ಕೇಳಿದರು. ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದೆ. ಅಂಗಳದಲ್ಲಿ ಕಸ ಹೊಡೆಯುತ್ತಿದ್ದ ಅವಳ ಬೆನ್ನು ಕಿಟಕಿಯಿಂದ ಕಾಣುತ್ತಿತ್ತು.

“ಅಕಿಗೆ ಕಾಲಬ್ಯಾನಿ ಐತ್ರಿ,” ಎಂದೆ.

ಮುಂದಿನ ರವಿವಾರ ಅವರು ತಾವೇ ಒಂದು ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿ, ದೊಡ್ಡವ್ವನ ಕೈ ಹಿಡಿದು ಕೂರಿಸಿದರು. ಅವಳು ನನ್ನನ್ನೊಮ್ಮೆ ನೋಡಿದಳು. ನೋವಿಲ್ಲದ ಕಾಲುಗಳನ್ನು ಜೋಡಿಸಿಕೊಂಡು, ತೀರಿಕೊಳ್ಳುವವರೆಗೂ ಅದರಲ್ಲೇ ಕೂತಳು.