ಬೈಕ್ ನಿಲ್ಲಿಸುವ ಹಕ್ಕು

ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಬೈಕಿನ ಡಬಲ್ ಸ್ಟ್ಯಾಂಡನ್ನು ಆ ಕಾಲಿನಲ್ಲೇ ಒತ್ತುತ್ತಿದ್ದರು. ಒಂದೇ ಸಲಕ್ಕೆ ಟಕ್ ಎಂದು ನಿಲ್ಲಬೇಕು, ಇಲ್ಲವಾದರೆ ಇಳಿಸಿ ಮತ್ತೊಮ್ಮೆ. ಪುತ್ತೂರಿನ ನಮ್ಮ ಪತ್ರಿಕಾ ಕಚೇರಿಯಲ್ಲಿ ಅವರು ಹಿರಿಯ ವರದಿಗಾರರು. ಸೇರಿದ ಹೊಸತರಲ್ಲಿ ನಾನು ಅವರ ಹಿಂದೆ ಕುಳಿತು ಸುಳ್ಯ, ಕಡಬ ಸುತ್ತುತ್ತಿದ್ದೆ.

ಪತ್ರಿಕಾಗೋಷ್ಠಿಯ ನಡುವೆಯೇ ಎದ್ದು ಹೋಗಿ, ಬೈಕಿನ ಸೀಟು ಅಲ್ಲಾಡಿಸಿ ನೋಡಿ ಬರುತ್ತಿದ್ದರು. ಒಮ್ಮೆ ಮುಖಂಡರೊಬ್ಬರು ಮಾತು ನಿಲ್ಲಿಸಿ, "ಎಂತ ಮಾರಾಯ್ರೆ, ಬೈಕಿಗೆ ಹಸಿವಾಯ್ತಾ?" ಎಂದರು.

"ಇಲ್ಲ, ನಿಮ್ಮ ಭಾಷಣ ಕೇಳಿ ಅದಕ್ಕೂ ತಲೆ ತಿರುಗಿತಾ ಅಂತ ನೋಡಿದ್ದು."

ಆ ಚಡಪಡಿಕೆಗೆ ಕಾರಣವಿತ್ತು. ಗುಂಡ್ಯದ ಬಳಿ ಗುಡ್ಡ ಕುಸಿದ ದಿನ, ಅವಸರಕ್ಕೆ ಸೈಡ್ ಸ್ಟ್ಯಾಂಡ್ ಹಾಕಿದ ಬೈಕ್ ಹಸಿಮಣ್ಣಿನಲ್ಲಿ ಹೂತು ಮಗುಚಿತ್ತು. ಕ್ಲಚ್ ಲಿವರ್ ಮುರಿಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಅವರೊಬ್ಬರೇ ಕಂಡಿದ್ದ ಸುದ್ದಿ ಮರುದಿನದ ಪತ್ರಿಕೆಗೆ ಸಿಗಲಿಲ್ಲ.

ಮೊಣಕಾಲು ನೋವು ಹೆಚ್ಚಾದಾಗ ಸಂಪಾದಕರು ಡೆಸ್ಕಿಗೆ ಬನ್ನಿ ಎಂದರು. ಸುದ್ದಿಯ ಜಾಗ ಬಿಟ್ಟು ಕುರ್ಚಿಯಲ್ಲಿ ಕೂರುವುದು ಅವರಿಂದಾಗದ ಕೆಲಸ. "ಓಡಿಸುದು ನೀನು, ನಿಲ್ಲಿಸುದು ನಾನು. ಅಷ್ಟು ನನ್ನಿಂದ ಆಗುವಷ್ಟು ದಿನ ನಾನು ಬರ್ತೇನೆ," ಎಂದು ನನ್ನೊಡನೆ ಒಪ್ಪಂದ ಮಾಡಿಕೊಂಡರು.

ಒಂದು ದಿನ ಪೆರಾಬೆಯ ಅಂಗಡಿಯೊಂದರ ಮುಂದೆ ಸ್ಟ್ಯಾಂಡ್ ಒತ್ತಿದರು. ಬೈಕ್ ಏಳಲಿಲ್ಲ. ಮತ್ತೆ ಒತ್ತುವಾಗ ನಾನು ಹಿಂದಿನಿಂದ ಸದ್ದಿಲ್ಲದೆ ಎತ್ತಿದೆ. ನಿಂತಿತು.

"ಸೈಡ್ ಸ್ಟ್ಯಾಂಡ್ ಸಾಕಿತ್ತಲ್ಲ ಸಾರ್," ಎಂದರು ಅಂಗಡಿಯವರು.

ಹಿರಿಯರು ನನ್ನತ್ತ ತಿರುಗಿದರು. "ನೀನು ಎತ್ತಿದೆ."

"ಸ್ವಲ್ಪ ಮಾತ್ರ ಸಾರ್."

"ಸುಳ್ಳು ಸುದ್ದಿ ಕೊಡ್ಬೇಡ ಮಾರಾಯ."

ಬೈಕ್ ಇಳಿಸಿದರು. "ಈಗ ನೀನೊಬ್ಬನೇ ಹಾಕು, ನೋಡುವ."

ಹಾಕಿದೆ. ಎರಡೂ ಕೈಯಿಂದ ದೂಡಿ ನೋಡಿದರು. ಬೈಕ್ ಅಲುಗಲಿಲ್ಲ.

"ಆಯ್ತು. ನಾಳೆಯಿಂದ ನಾನು ಆಫೀಸಲ್ಲೇ ಇರ್ತೇನೆ."

ಅಲ್ಲಿಯೂ ಅವರು ಕುಳಿತದ್ದು ಕಡಿಮೆ. ನನ್ನ ಬೈಕಿನ ಸದ್ದು ಕೇಳಿದರೆ ಪ್ರೂಫ್ ಬಿಟ್ಟು ಮಹಡಿಯ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕಳೆದ ಮಳೆಗಾಲಕ್ಕೆ ಮೊದಲು ತೀರಿಕೊಂಡರು. ಈಗ ಆ ಕಿಟಕಿಯ ಬಳಿ ಕೂರುವವರು ಎದ್ದು ನೋಡುವುದಿಲ್ಲ. ನಾನು ಮಾತ್ರ ಬೈಕ್ ನಿಲ್ಲಿಸಿ ಒಂದು ಗಳಿಗೆ ಮೇಲೆ ನೋಡಿ, ಆಮೇಲೆ ಮೆಟ್ಟಿಲು ಹತ್ತುತ್ತೇನೆ.