ಎಳ್ಳಮಾವಾಸ್ಯೆಯ ಹೊಲದಲ್ಲಿ ಮಗಳ ಪ್ರಾರ್ಥನೆ

ಕ್ರಿಸ್‌ಮಸ್ಸೂ ಎಳ್ಳಮಾವಾಸ್ಯೆಯೂ ಒಂದೇ ದಿನ ಬಂದ ವರ್ಷ ಮಗಳು ಆರನೆಯ ತರಗತಿಯಲ್ಲಿದ್ದಳೆಂದು ನಾನು ಬಹುಕಾಲ ನಂಬಿದ್ದೆ. ಐದನೆಯದೆಂದು ಹೆಂಡತಿ ವಾದಿಸುತ್ತಿದ್ದಳು. ಶಾಸನಗಳ ಕಾಲನಿರ್ಣಯದಲ್ಲೇ ನೌಕರಿ ಮುಗಿಸಿದವನಾದ್ದರಿಂದ, ನಿವೃತ್ತಿಯ ನಂತರ ಹಳೆಯ ಪಂಚಾಂಗವನ್ನೂ ಶಾಲೆಯ ಅಂಕಪಟ್ಟಿಯನ್ನೂ ಎದುರುಬದುರಿಟ್ಟು ತಾಳೆ ನೋಡಿದೆ. ಹೆಂಡತಿಯ ಮಾತೇ ನಿಜವಾಯಿತು. ಉಳಿದ ಸಂಗತಿಗಳಲ್ಲಿ ನಮ್ಮಿಬ್ಬರ ನೆನಪೂ ಒಂದೇ.

ಆಗ ನಾವು ಸಿಂದಗಿಯಲ್ಲಿದ್ದೆವು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತ ಕಲ್ಲುಬರಹ ಓದುತ್ತ ತಿರುಗುವುದು ನನ್ನ ಕೆಲಸವಾಗಿತ್ತು. ಎಲ್ಲಿಗೆ ಹೋದರೂ ಸಂಜೆಯ ಊಟಕ್ಕೆ ಮನೆ ಸೇರುತ್ತಿದ್ದೆ. ಊಟಕ್ಕೆ ಮುನ್ನ ಪ್ರಾರ್ಥಿಸುವಾಗ, ಆ ಅನ್ನಕ್ಕಾಗಿ ದುಡಿದ ಒಬ್ಬರನ್ನಾದರೂ ಹೆಸರಿಸಿ ನೆನೆಯಬೇಕೆಂಬುದು ನಮ್ಮ ಮನೆಯ ಪದ್ಧತಿ. ಮಗಳು ಒಂದು ದಿನ ಹಾಲು ತರುವವಳನ್ನು ನೆನೆದರೆ, ಇನ್ನೊಂದು ದಿನ ಹಿಟ್ಟಿನ ಗಿರಣಿಯವನನ್ನು ನೆನೆಯುತ್ತಿದ್ದಳು.

ಶಾಲೆಯ ಮಧ್ಯಾಹ್ನದೂಟದಲ್ಲಿ ಹೀಗೆಯೇ ಕಣ್ಣು ಮುಚ್ಚಿದಾಗ, ನೆರೆಮನೆಯ ಗೆಳತಿ "ಏ, ಕುಂತಲ್ಲೇ ನಿದ್ದಿ ಹತ್ತಿತೇನ?" ಎಂದು ಸಾಲಿಗೆ ಸಾಲನ್ನೇ ನಗಿಸಿದ್ದಳು. ಅಂದಿನಿಂದ ಮಗಳು ಮನೆಯ ಹೊರಗೆ ಪ್ರಾರ್ಥಿಸುವುದನ್ನು ಬಿಟ್ಟಳು. ಮಗಳಿಗೆ ಗದರಿಸಿ ಹೇಳಬೇಕೆಂದು ನಾನು ಹೊರಟೆ, ಹೆಂಡತಿ ತಡೆದಳು.

"ಆಕಿಗೆ ದೇವರ ಮುಂದ ನಾಚಿಕಿ ಇಲ್ರಿ, ಗೆಳತ್ಯಾರ ಮುಂದ ಐತಿ. ಸ್ವಲ್ಪ ತಡೀರಿ."

ತಡೆದೆ. ಆದರೆ ನಾವು ಕೊಟ್ಟ ವಿಶ್ವಾಸ ನಮ್ಮ ಹೊಸ್ತಿಲೊಳಗೇ ಉಳಿದುಬಿಡುವುದೇ ಎಂಬ ಚಿಂತೆ ನನ್ನನ್ನು ಬಿಡಲಿಲ್ಲ.

ಆ ಕ್ರಿಸ್‌ಮಸ್ ದಿನ ಬೆಳಗಿನ ಆರಾಧನೆ ಮುಗಿಸಿ, ಕರ್ಚಿಕಾಯಿಯ ಡಬ್ಬಿ ಹಿಡಿದು ನೆರೆಯವರ ಹೊಲಕ್ಕೆ ಹೋದೆವು. ಎಳ್ಳಮಾವಾಸ್ಯೆಗೆ ಅವರು ಪ್ರತಿವರ್ಷ ನಮ್ಮನ್ನು ಕರೆಯುತ್ತಿದ್ದರು. ನೈವೇದ್ಯ ಮಾಡಿದ್ದನ್ನು ನಾವು ಉಣ್ಣುವುದಿಲ್ಲವೆಂದು ತಿಳಿದಿದ್ದ ಆ ಗೆಳತಿಯ ಅಜ್ಜಿ ನಮ್ಮ ಪಾಲಿನ ಬುತ್ತಿಯನ್ನು ಪೂಜೆಗೂ ಮೊದಲೇ ಬೇರೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಹಾಗೆ ಮಾಡಿರೆಂದು ನಾವು ಎಂದೂ ಕೇಳಿದ್ದಿಲ್ಲ. ನಾವು ತಲುಪುವ ಹೊತ್ತಿಗೆ ಅವರು ಬೆಳೆಗೆ ಚರಗದ ಅನ್ನ ಚೆಲ್ಲಿ, ಬನ್ನಿಗಿಡದ ನೆರಳಲ್ಲಿ ಊಟಕ್ಕೆ ಕುಳಿತು ನಮಗಾಗಿ ಕಾಯುತ್ತಿದ್ದರು.

"ಬರ್ರಿ ಸರ್, ಬರ್ರಿ. ಇವತ್ತ ನಿಮ್ಮ ದೇವ್ರು ಹುಟ್ಟಿದ ದಿನಾನೂ ಹೌದಲ್ರಿ? ನಾವು ಭೂಮಿತಾಯಿಗೆ ಉಣಿಸೇವಿ. ನಿಮ್ಮ ಕಡಿಂದನೂ ಯಾರಾರ ಒಂದ ಮಾತ ಹೇಳ್ರಿ, ಆಮ್ಯಾಲ ಉಣ್ಣೂಣು," ಎಂದರು ಅಜ್ಜಿ.

ನಾನು ಗಂಟಲು ಸರಿಪಡಿಸಿಕೊಂಡೆ. ಹೆಂಡತಿ ನನ್ನ ಮೊಣಕೈ ಹಿಡಿದಳು. ಮಗಳು ಎದುರಿಗಿದ್ದ ಗೆಳತಿಯನ್ನೇ ನೋಡುತ್ತಿದ್ದಳು.

"ನೀನರ ಹೇಳ ಲಗೂನ. ಹೊಟ್ಟಿ ಚುರುಚುರು ಅನ್ನಾಕತ್ತೈತಿ," ಎಂದಳು ಗೆಳತಿ.

ಮಗಳು ಕಣ್ಣು ಮುಚ್ಚಿದಳು. "ದೇವರೇ, ಈ ಹೊಲ ಹರಗಿದ ಕಾಕಾಗ, ನಸಕಿನ್ಯಾಗ ಎದ್ದು ರೊಟ್ಟಿ ಬಡದ ಆಯಿಗ, ಬುತ್ತಿ ಹೊತ್ತು ತಂದ ಈಕಿಗ ಒಳ್ಳೇದ ಮಾಡು. ಆಯಿ ಮೊಣಕಾಲ ನೋವು ಕಡಿಮಿ ಮಾಡು…"

"ನನ್ನ ಗಣಿತಾನೂ ಸೇರಸ!"

"…ಈಕಿ ಗಣಿತಾನೂ ನೋಡ್ಕೋ. ಯೇಸುವಿನ ಹೆಸರಿನ್ಯಾಗ ಬೇಡ್ಕೋತೇನಿ, ಆಮೆನ್."

ಎಲ್ಲರೂ ನಕ್ಕರು, ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಮೊಣಕಾಲಿನ ಮಾತ ನನ್ನ ಹೊಟ್ಯಾಗ ಹುಟ್ಟಿದವ್ರೂ ದೇವ್ರ ಮುಂದ ಎತ್ತಿಲ್ಲ ನೋಡ!"

"ಯವ್ವಾ, ನಾ ಡಾಕ್ಟರಿಗೆ ತೋರಿಸೇನಲ್ಲ!" ಎಂದು ಅಜ್ಜಿಯ ಮಗ ಗೊಣಗಿದ. ಅಜ್ಜಿ ಮೊದಲ ಸಜ್ಜಿ ರೊಟ್ಟಿಯನ್ನು ನನ್ನ ಮಗಳ ತಟ್ಟೆಗೆ ಹಾಕಿದರು.

ನಾನು ಕಲಿಸಿದ್ದ ಗ್ರಾಂಥಿಕ ವಾಕ್ಯ ಆ ಪ್ರಾರ್ಥನೆಯಲ್ಲಿ ಒಂದೂ ಇರಲಿಲ್ಲ. ಮನೆಯ ಪದ್ಧತಿ ಮಾತ್ರ ಪೂರ್ಣವಾಗಿತ್ತು; ಅನ್ನಕ್ಕಾಗಿ ದುಡಿದವರು ಈ ಸಲ ಎದುರಿಗೇ ಕುಳಿತಿದ್ದರು. ನಾನು ಓದಿದ ಯಾವ ಶಾಸನವೂ ನನಗೆ ಅಂಥ ಹೆಮ್ಮೆ ತಂದಿಲ್ಲ.

ರಜೆ ಮುಗಿದು ಶಾಲೆ ತೆರೆದ ದಿನ ಮಗಳು ಬಂದು ತಾಯಿಗೆ ಹೇಳಿದಳು: "ಇವತ್ತ ನಾ ಕಣ್ಣ ತೆರೆಯೂತನಕ ಆಕಿ ತುತ್ತ ಮುಟ್ಟಲಿಲ್ಲವ್ವಾ. ಬಾಜೂದವ್ರಿಗೂ 'ತಡೀರಿ' ಅಂದ್ಲು."